ಗ್ರೀಸು ಒಳಗೆ ಹೋಗದಿದ್ದರೆ: ಕಟ್ಟಿಕೊಂಡ ನಿಪ್ಪಲ್ಲುಗಳ ದುರಸ್ತಿ

ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿದ್ದುದು ಹಿರಿಯ ರೈತರಿಗೆ ನೆನಪಿರಬಹುದು. ಅಚ್ಚಿನಲ್ಲಿ ಎಣ್ಣೆ ಕಡಿಮೆಯಾದರೆ ಗಾಲಿಯೇ ಕಿರುಗುಟ್ಟಿ ತಿಳಿಸುತ್ತಿತ್ತು. ಗಾಡಿ ಹೊಡೆಯುವವನು ಇಳಿದು, ಕಡೆಗೀಲು ತೆಗೆದು, ಗಾಲಿಯನ್ನು ಗೇಣು ಹೊರಗೆಳೆದು, ಕೀಲೆಣ್ಣೆ ಬಳಿದು ಮುಂದೆ ಸಾಗುತ್ತಿದ್ದನು. ಬಳಿದ ಎಣ್ಣೆ ಎಲ್ಲಿಗೆ ತಲುಪಿತೆಂಬುದು ಅವನ ಕಣ್ಣೆದುರಿಗೇ ಇರುತ್ತಿತ್ತು.

ಟ್ರ್ಯಾಕ್ಟರು, ರೋಟವೇಟರು, ಒಕ್ಕಣೆ ಯಂತ್ರಗಳಲ್ಲಿ ಹಾಗಲ್ಲ. ಎಂಜಿನ್ನಿನ ಸದ್ದಿನಲ್ಲಿ ಒಣಗಿದ ಬುಷ್ಷಿನ ಕೂಗು ಕೇಳಿಸುವುದಿಲ್ಲ. ಗ್ರೀಸು ಹೋಗಬೇಕಾದುದು ಜೋಳದ ಕಾಳಿಗಿಂತ ಚಿಕ್ಕದಾದ ಒಂದು ರಂಧ್ರದ ಮೂಲಕ. ಅದು ಒಳಗೆ ಹೋಯಿತೇ ಇಲ್ಲವೇ ಎಂಬುದನ್ನು ನೋಡಿ ತಿಳಿಯುವ ಅಭ್ಯಾಸವಿಲ್ಲದಿದ್ದರೆ, ದಿನವೂ ಗ್ರೀಸು ಹಾಕಿದರೂ ಯಂತ್ರ ಒಣಗಿಯೇ ಓಡುತ್ತಿರುತ್ತದೆ.

ಕಳೆದ ಮುಂಗಾರಿನಲ್ಲಿ ಭತ್ತ ಬೆಳೆಯುವ ಒಂದು ಹಳ್ಳಿಯಲ್ಲಿ ಇಂತಹುದೇ ಪ್ರಸಂಗವನ್ನು ನೋಡಿದೆ. ನಾಟಿಗೆ ನಾಲ್ಕು ದಿನವಿರುವಾಗ ರೋಟವೇಟರಿಗೆ ಶಕ್ತಿ ಕೊಡುವ ಶಾಫ್ಟಿನ ಕ್ರಾಸು ಮುರಿದು ಕೆಲಸ ನಿಂತಿತ್ತು. "ದಿನಾ ಬೆಳಿಗ್ಗೆ ನಾನೇ ನಿಂತು ಗ್ರೀಸು ಹೊಡೆಸಿದ್ದೇನೆ ಸಾರ್, ನೋಡಿ ಬೇಕಾದರೆ" ಎಂದು ಯಜಮಾನರು ಶಾಫ್ಟನ್ನು ತೋರಿಸಿದರು. ಅವರ ಮಾತು ಸುಳ್ಳಲ್ಲ. ನಿಪ್ಪಲ್ಲಿನ ಸುತ್ತ ಅಂಗೈಯಗಲ ಗ್ರೀಸು ಮೆತ್ತಿಕೊಂಡಿತ್ತು. ಆದರೆ ಕ್ರಾಸಿನ ನಾಲ್ಕು ತೋಳುಗಳಲ್ಲಿ ಒಂದನ್ನು ಬಿಚ್ಚಿದಾಗ ಒಳಗಿನ ಸೂಜಿಗಳು ತುಕ್ಕಿನ ಪುಡಿಯಾಗಿ ಉದುರಿದವು. ಆ ತೋಳಿಗೆ ಎಷ್ಟೋ ತಿಂಗಳಿನಿಂದ ಗ್ರೀಸು ತಲುಪಿರಲಿಲ್ಲ. ಹೊಡೆದದ್ದೆಲ್ಲ ಹೊರಗೇ ಉಳಿದಿತ್ತು.

ನಿಪ್ಪಲ್ಲಿನ ಒಳಗೆ ಏನಿದೆ?

ನಿಪ್ಪಲ್ಲು ಒಂದು ಚಿಕ್ಕ ಕವಾಟ. ಅದರ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ಗುಂಡು, ಗುಂಡಿನ ಹಿಂದೆ ಒಂದು ಸ್ಪ್ರಿಂಗು. ಗನ್ನಿನ ಒತ್ತಡಕ್ಕೆ ಗುಂಡು ಹಿಂದೆ ಸರಿದು ಗ್ರೀಸಿಗೆ ದಾರಿ ಬಿಡುತ್ತದೆ. ಒತ್ತಡ ನಿಂತ ಕೂಡಲೇ ಸ್ಪ್ರಿಂಗು ಗುಂಡನ್ನು ಮುಂದಕ್ಕೆ ತಳ್ಳಿ ಬಾಯಿ ಮುಚ್ಚುತ್ತದೆ. ಒಳಗಿನ ಗ್ರೀಸು ಹೊರಬರದಂತೆ, ಹೊರಗಿನ ಮಣ್ಣು ಒಳಹೋಗದಂತೆ ಕಾಯುವುದು ಈ ಗುಂಡೇ. ಈಗ ನಾವು ಬಳಸುವ ಮಾದರಿಯ ನಿಪ್ಪಲ್ಲಿಗೆ ಆಸ್ಕರ್ ಝರ್ಕ್ ಎಂಬ ಆಸ್ಟ್ರಿಯಾ ಮೂಲದ ತಂತ್ರಜ್ಞನಿಗೆ 1929ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಅಲ್ಲಿನ ರೈತರು ಇಂದಿಗೂ ಇದನ್ನು ಝರ್ಕ್ ಎಂದೇ ಕರೆಯುತ್ತಾರೆ.

ನಿಪ್ಪಲ್ಲಿನಿಂದ ಮುಂದೆ ಒಂದು ಸಣ್ಣ ಕೊಳವೆಯಂತಹ ದಾರಿ, ಅದರಾಚೆ ಬುಷ್ಷಿನ ರಂಧ್ರ, ಬುಷ್ಷಿನೊಳಗೆ ಅಥವಾ ಪಿನ್ನಿನ ಮೇಲೆ ಕೊರೆದ ಗಾಡಿ. ಹೀಗೆ ಗ್ರೀಸು ನಡೆಯಬೇಕಾದ ಹಾದಿಯಲ್ಲಿ ಎಲ್ಲಿ ಬೇಕಾದರೂ ತಡೆಯಾಗಬಹುದು. ತಡೆ ಗನ್ನಿನಲ್ಲಿದೆಯೇ, ನಿಪ್ಪಲ್ಲಿನಲ್ಲಿದೆಯೇ, ಅದರಾಚೆಯ ದಾರಿಯಲ್ಲಿದೆಯೇ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇದನ್ನು ಬಿಟ್ಟು ಹಿಡಿಕೆಯನ್ನು ಇನ್ನಷ್ಟು ಬಲವಾಗಿ ಅದುಮುವುದೇ ನಮ್ಮಲ್ಲಿ ಹೆಚ್ಚು.

ಕಟ್ಟಿಕೊಳ್ಳಲು ಕಾರಣ

ಗ್ರೀಸು ಎಂದರೆ ಎಣ್ಣೆ ಮತ್ತು ಅದನ್ನು ಹಿಡಿದಿಡುವ ಒಂದು ಬಗೆಯ ಸಾಬೂನು. ಕೆಲಸವಿಲ್ಲದೆ ಆರೆಂಟು ತಿಂಗಳು ಬಿಸಿಲಿನಲ್ಲಿ ನಿಂತ ಯಂತ್ರದಲ್ಲಿ ಎಣ್ಣೆ ನಿಧಾನವಾಗಿ ಬಸಿದುಹೋಗಿ ಸಾಬೂನು ಮಾತ್ರ ಉಳಿದು ಗಟ್ಟಿಯಾಗುತ್ತದೆ. ಹಳೆಯ ಮಣ್ಣುಜೇಡಿಯಂತೆ ಅದು ರಂಧ್ರವನ್ನು ತುಂಬಿಕೊಳ್ಳುತ್ತದೆ. ಒಂದು ಬಗೆಯ ಗ್ರೀಸಿನ ಮೇಲೆ ಇನ್ನೊಂದು ಬಗೆಯದನ್ನು ತುಂಬಿದಾಗಲೂ ಕೆಲವೊಮ್ಮೆ ಹೀಗಾಗುತ್ತದೆ. ಎರಡಕ್ಕೂ ಹೊಂದಿಕೆಯಾಗದಿದ್ದರೆ ಮಿಶ್ರಣ ನೀರಾಗಬಹುದು, ಇಲ್ಲವೇ ಗಟ್ಟಿಯಾಗಬಹುದು.

ಎರಡನೆಯ ಕಾರಣ ಮಣ್ಣು. ಇದನ್ನು ಒಳಗೆ ತಳ್ಳುವವರು ನಾವೇ. ನಿಪ್ಪಲ್ಲಿನ ತಲೆಯನ್ನು ಒರೆಸದೆ ಗನ್ನಿನ ಮೂತಿ ಸಿಕ್ಕಿಸಿದರೆ ತಲೆಯ ಮೇಲಿದ್ದ ಮಣ್ಣಿನ ಕಣ ಗ್ರೀಸಿನ ಮುಂದೆ ಮುಂದೆ ಹೋಗಿ ಗುಂಡಿನ ಪಕ್ಕದಲ್ಲಿ ಕೂರುತ್ತದೆ. ಮುಚ್ಚಳ ತೆರೆದಿಟ್ಟ ಗ್ರೀಸಿನ ಡಬ್ಬಿಯೂ ಅಷ್ಟೇ ಕೆಟ್ಟದ್ದು. ರಾಗಿ ಒಕ್ಕುವ ಕಣದಲ್ಲಿ ಒಂದು ಗಂಟೆ ತೆರೆದಿಟ್ಟ ಡಬ್ಬಿಯ ಮೇಲ್ಭಾಗವನ್ನು ಬೆರಳಲ್ಲಿ ತಿಕ್ಕಿ ನೋಡಿ, ತರಿ ತರಿ ಸಿಗುತ್ತದೆ.

ಮೂರನೆಯದು ನೀರು. ಕೆಸರುಗದ್ದೆಯಲ್ಲಿ ಮುಳುಗಿದ ಕೀಲಿನೊಳಗೆ ನೀರು ಸೇರಿ ತುಕ್ಕು ಹಿಡಿದು ಆ ಪುಡಿ ಗ್ರೀಸಿನೊಡನೆ ಕಲಸಿಕೊಳ್ಳುತ್ತದೆ. ಇವಲ್ಲದೆ ಹೊಸ ಉಪಕರಣಗಳಲ್ಲಿ ಬಣ್ಣ ಹೊಡೆಯುವಾಗ ನಿಪ್ಪಲ್ಲಿನ ಬಾಯಿಯೂ ಬಣ್ಣದಿಂದ ಮುಚ್ಚಿರುವುದುಂಟು. ಹೊಸದು ಎಂಬ ನಂಬಿಕೆಯಿಂದ ಇದನ್ನು ಯಾರೂ ನೋಡುವುದಿಲ್ಲ.

ಮೊದಲು ಗನ್ನನ್ನು ಪರೀಕ್ಷಿಸಿ

ಗನ್ನಿನ ಮೂತಿಯನ್ನು ಯಾವುದಕ್ಕೂ ಸಿಕ್ಕಿಸದೆ ಒಂದು ಹಳೆಯ ಬಟ್ಟೆಯತ್ತ ತಿರುಗಿಸಿ ಹಿಡಿಕೆ ಅದುಮಿ. ಗ್ರೀಸು ಒಂದೇ ಸಮನೆ ಬರಬೇಕು. ಬಿಟ್ಟು ಬಿಟ್ಟು ಬಂದರೆ ಅಥವಾ ಬರದೇ ಹೋದರೆ ಗನ್ನಿನೊಳಗೆ ಗಾಳಿ ಸೇರಿದೆ ಎಂದರ್ಥ. ತಲೆಯನ್ನು ಎರಡು ಸುತ್ತು ಸಡಿಲಿಸಿ, ಹಿಂದಿನ ಸರಳನ್ನು ಮುಂದಕ್ಕೆ ಒತ್ತಿ, ಗಾಳಿ ಹೋಗಿ ಗ್ರೀಸು ಕಾಣಿಸಿಕೊಂಡ ಮೇಲೆ ಬಿಗಿಮಾಡಿ. ಗಾಳಿ ಬಿಡಲು ಪ್ರತ್ಯೇಕ ತಿರುಪು ಇರುವ ಗನ್ನುಗಳಲ್ಲಿ ಅದನ್ನೇ ಸಡಿಲಿಸಿದರೆ ಸಾಕು.

ಅನಂತರ ಮೂತಿಯನ್ನು ಚೆನ್ನಾಗಿ ಗ್ರೀಸು ಹೋಗುತ್ತಿರುವ ಬೇರೊಂದು ನಿಪ್ಪಲ್ಲಿಗೆ ಸಿಕ್ಕಿಸಿ ನೋಡಿ. ಅಲ್ಲಿಯೂ ಪಕ್ಕದಿಂದ ಸೋರಿದರೆ ಮೂತಿಯೊಳಗಿನ ಹಲ್ಲುಗಳು ಸವೆದಿವೆ. ಮೂತಿಯನ್ನು ಬದಲಿಸಿದರೆ ಸಾಕು, ಇಡೀ ಗನ್ನು ಕೊಳ್ಳಬೇಕಾಗಿಲ್ಲ. ನಿಪ್ಪಲ್ಲು ಕಟ್ಟಿದೆಯೆಂದು ದೂರುವವರಲ್ಲಿ ಅನೇಕರ ತೊಂದರೆ ಇಲ್ಲಿಯೇ ಮುಗಿಯುತ್ತದೆ. ಮೂತಿಯನ್ನು ಓರೆಯಾಗಿ ಹಿಡಿದರೂ ಸೋರುತ್ತದೆ. ನೇರವಾಗಿ ಒತ್ತಿ ಸಿಕ್ಕಿಸಿ, ತೆಗೆಯುವಾಗ ಮಾತ್ರ ಸ್ವಲ್ಪ ಓರೆ ಮಾಡಿ.

ಬಿಚ್ಚುವ ಮುನ್ನ

ಎಂಜಿನ್ನು ನಿಲ್ಲಿಸಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಎತ್ತಿದ ರೋಟವೇಟರಿನ ಕೆಳಗೆ ಕೈ ಹಾಕಬೇಡಿ. ಅದನ್ನು ನೆಲಕ್ಕೆ ಇಳಿಸಿ ಅಥವಾ ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿ. ಹೈಡ್ರಾಲಿಕ್ಕನ್ನು ನಂಬಿ ಕೂರುವುದು ಸರಿಯಲ್ಲ.

ನಿಪ್ಪಲ್ಲಿನ ತಲೆಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಗೋಣಿ ಹೊಲಿಯುವ ದಬ್ಬಳದ ಹಿಂಬದಿಯಿಂದ, ಮೊನೆಯಿಂದಲ್ಲ, ಗುಂಡನ್ನು ಮೆಲ್ಲನೆ ಒತ್ತಿ ನೋಡಿ. ಗುಂಡು ಒಳಗೆ ಹೋಗಿ ತಾನಾಗಿ ಮೇಲೆ ಬಂದರೆ ನಿಪ್ಪಲ್ಲು ಬದುಕಿದೆ. ಹೋಗದೇ ಇದ್ದರೆ ಅಥವಾ ಹೋಗಿ ಅಲ್ಲೇ ಕುಳಿತರೆ ಒಂದು ಹನಿ ಡೀಸೆಲ್ಲು ಬಿಟ್ಟು, ಹತ್ತು ನಿಮಿಷ ತಡೆದು ಮತ್ತೆ ಒತ್ತಿ.

ಗುಂಡು ಚೆನ್ನಾಗಿ ಆಡುತ್ತಿದ್ದರೂ ಗ್ರೀಸು ಹೋಗದಿದ್ದರೆ ಯಂತ್ರದ ಭಾರವನ್ನು ನೆನಪಿಡಿ. ಟ್ರ್ಯಾಕ್ಟರಿನ ಮುಂದಿನ ಭಾರವೆಲ್ಲ ಮುಂಭಾಗದ ಅಚ್ಚಿನ ಪಿನ್ನುಗಳ ಮೇಲಿರುತ್ತದೆ. ಭಾರ ಬಿದ್ದ ಕಡೆಯಲ್ಲಿ ಪಿನ್ನು ಬುಷ್ಷಿಗೆ ಅಂಟಿಕೊಂಡು ಗ್ರೀಸಿನ ಗಾಡಿಯನ್ನೇ ಮುಚ್ಚಿಬಿಡಬಹುದು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಅಚ್ಚನ್ನು ಜಾಕಿಯಿಂದ ಎತ್ತಿ, ದಿಮ್ಮಿ ಇಟ್ಟು, ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರುವಾಗ ಇನ್ನೊಬ್ಬರು ಗ್ರೀಸು ಹೊಡೆದರೆ, ಕಟ್ಟಿದೆಯೆಂದುಕೊಂಡ ಎಷ್ಟೋ ನಿಪ್ಪಲ್ಲುಗಳು ತಾವಾಗಿ ಬಿಟ್ಟುಕೊಡುತ್ತವೆ. ಟ್ರೈಲರಿನ ತಿರುಗುಮಣೆಗೂ ಇದೇ ಉಪಾಯ. ಖಾಲಿ ಟ್ರೈಲರಿನಲ್ಲಿ ಮಾಡಿ, ಕಬ್ಬು ತುಂಬಿದ ಮೇಲಲ್ಲ.

ಕ್ರಾಸಿನ ವಿಷಯ ಬೇರೆ. ಅದರ ನಡುವಿನ ಒಂದೇ ನಿಪ್ಪಲ್ಲಿನಿಂದ ನಾಲ್ಕೂ ತೋಳುಗಳಿಗೆ ಗ್ರೀಸು ಹಂಚಿಕೆಯಾಗಬೇಕು. ಸುಲಭವಾದ ದಾರಿ ಸಿಕ್ಕ ಕಡೆ ಗ್ರೀಸು ಹರಿದುಹೋಗುತ್ತದೆ, ಬಿಗಿಯಾದ ತೋಳು ಒಣಗಿಯೇ ಇರುತ್ತದೆ. ಆದುದರಿಂದ ಹೊಡೆಯುವಾಗ ನಾಲ್ಕೂ ಸೀಲುಗಳ ಅಂಚನ್ನು ನೋಡುತ್ತಿರಬೇಕು. ಹಳೆಯ ಕಪ್ಪು ಗ್ರೀಸು ಹೊರಬಂದು, ಅದರ ಹಿಂದೆ ಹೊಸದು ಕಾಣಿಸಿಕೊಂಡ ತೋಳಿಗೆ ಮಾತ್ರ ಗ್ರೀಸು ತಲುಪಿದೆ ಎಂದು ತಿಳಿಯಿರಿ. ಮೂರು ಕಡೆ ಬಂದು ಒಂದು ಕಡೆ ಬರದಿದ್ದರೆ ಶಾಫ್ಟನ್ನು ಆ ಕಡೆಗೂ ಈ ಕಡೆಗೂ ಬಾಗಿಸುತ್ತಾ, ಬಾರದ ತೋಳಿನ ಟೋಪಿಯ ಮೇಲೆ ಮರದ ಕೊಡತಿಯಿಂದ ಹಗುರವಾಗಿ ತಟ್ಟುತ್ತಾ ಮತ್ತೆ ಹೊಡೆಯಿರಿ. ಆಗಲೂ ಬಾರದಿದ್ದರೆ ಆ ಟೋಪಿಯನ್ನು ಬಿಚ್ಚಿಸಿ ನೋಡಲೇಬೇಕು. ಮೇಲೆ ಹೇಳಿದ ರೈತರ ಶಾಫ್ಟು ಮುರಿದದ್ದು ಈ ನಾಲ್ಕನೆಯ ತೋಳಿನಿಂದಲೇ.

ನಿಪ್ಪಲ್ಲು ಬಿಚ್ಚಿದ ಮೇಲೆ

ಇಷ್ಟಕ್ಕೂ ಬಗ್ಗದಿದ್ದರೆ ನಿಪ್ಪಲ್ಲನ್ನು ಬಿಚ್ಚಿ. ಸುತ್ತಲಿನ ಮಣ್ಣನ್ನು ಮೊದಲು ಕೆರೆದು ಒರೆಸಿ, ಇಲ್ಲವಾದರೆ ಬಿಚ್ಚಿದ ರಂಧ್ರದೊಳಕ್ಕೆ ಅದೇ ಬೀಳುತ್ತದೆ. ಅಳತೆಗೆ ಸರಿಯಾದ ಸ್ಪ್ಯಾನರನ್ನೇ ಬಳಸಿ. ಇಕ್ಕಳದಿಂದ ಕಚ್ಚಿ ತಿರುಗಿಸಿದರೆ ಮೂಲೆಗಳು ಸವೆದು ಕೊನೆಗೆ ತಲೆಯೇ ಮುರಿಯುತ್ತದೆ.

ಬಿಚ್ಚಿದ ನಿಪ್ಪಲ್ಲನ್ನು ಗನ್ನಿನ ಮೂತಿಗೆ ಸಿಕ್ಕಿಸಿ ಹಿಡಿಕೆ ಅದುಮಿ. ಗ್ರೀಸು ಸಲೀಸಾಗಿ ಹೊರಬಂದರೆ ನಿಪ್ಪಲ್ಲು ನಿರ್ದೋಷಿ, ತಡೆ ಯಂತ್ರದೊಳಗಿದೆ. ಬಾರದಿದ್ದರೆ ತಪ್ಪು ನಿಪ್ಪಲ್ಲಿನದು. ಈ ಒಂದು ಪರೀಕ್ಷೆಯನ್ನು ಮಾಡದೆ ಹೊಸ ನಿಪ್ಪಲ್ಲು ಹಾಕಿ, ಅದೂ ಕೆಲಸ ಮಾಡದೆ ಅಂಗಡಿಯವನನ್ನು ಬೈದವರನ್ನು ನಾನು ಬಲ್ಲೆ. ಕಟ್ಟಿದ ನಿಪ್ಪಲ್ಲನ್ನು ರಾತ್ರಿಯೆಲ್ಲ ಸೀಮೆಎಣ್ಣೆಯಲ್ಲಿ ನೆನೆಸಿ ಶುಚಿಮಾಡಬಹುದು. ಆದರೆ ಹೊಸದರ ಬೆಲೆ ಅಷ್ಟು ಶ್ರಮಕ್ಕೆ ಅರ್ಹವಲ್ಲ. ಪಟ್ಟಣದಿಂದ ದೂರವಿದ್ದರೆ ಮಾತ್ರ ಆ ಕೆಲಸಕ್ಕೆ ಕೈಹಾಕಿ.

ಹೊಸದನ್ನು ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ನಮ್ಮ ಯಂತ್ರಗಳಲ್ಲಿ 6, 8 ಮತ್ತು 10 ಮಿ.ಮೀ. ಮರೆಯ ನಿಪ್ಪಲ್ಲುಗಳು ಬಳಕೆಯಲ್ಲಿವೆ, ಕೆಲವು ಉಪಕರಣಗಳಲ್ಲಿ ಕಾಲಂಶ ಅಥವಾ ಎಂಟನೆಯ ಒಂದಂಶ ಇಂಚಿನವೂ ಇವೆ. ಇವುಗಳಲ್ಲಿ 10 ಮಿ.ಮೀ. ಮತ್ತು ಎಂಟನೆಯ ಒಂದಂಶ ಇಂಚಿನ ಪೈಪು ಮರೆಯವು ನೋಡಲು ಅವಳಿಗಳಂತಿರುತ್ತವೆ. 10 ಮಿ.ಮೀ. ರಂಧ್ರಕ್ಕೆ ಇಂಚಿನದನ್ನು ಹಾಕಿದರೆ ಸಡಿಲವಾಗಿ ಕೂತು ಒತ್ತಡಕ್ಕೆ ಹಾರಿಬರುತ್ತದೆ. ಇಂಚಿನ ರಂಧ್ರಕ್ಕೆ 10 ಮಿ.ಮೀ.ನದನ್ನು ಬಲವಂತವಾಗಿ ತಿರುಗಿಸಿದರೆ ಮರೆ ಹಾಳಾಗುತ್ತದೆ. ಯಾವುದೇ ನಿಪ್ಪಲ್ಲನ್ನು ಮೊದಲ ಎರಡು ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಒಪ್ಪದಿದ್ದರೆ ಅದು ಆ ರಂಧ್ರದ್ದಲ್ಲ.

ತಲೆ ಮುರಿದು ಬುಡ ಒಳಗೇ ಉಳಿದರೆ, ನಾಲ್ಕು ಮೂಲೆಯ ಮೊನಚು ಪಂಚನ್ನು ಬುಡದ ರಂಧ್ರಕ್ಕೆ ಹಗುರವಾಗಿ ಹೊಡೆದು ಕೂರಿಸಿ, ಪಂಚನ್ನು ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ. ಹೊಡೆಯುವ ಮುನ್ನ ಡೀಸೆಲ್ಲು ಬಿಟ್ಟು ನೆನೆಸಿ. ಅದಕ್ಕೂ ಬಾರದಿದ್ದರೆ ಲೇತ್ ಅಂಗಡಿಯವರ ಕೈಗೆ ಕೊಡಿ.

ಒಳಗಿನ ದಾರಿ ಕಟ್ಟಿದ್ದರೆ

ಇದು ನಿಜವಾದ ಕಷ್ಟ. ನಿಪ್ಪಲ್ಲು ತೆಗೆದ ರಂಧ್ರದಲ್ಲಿ ಸೈಕಲ್ಲಿನ ಕಡ್ಡಿಯನ್ನು ಇಳಿಸಿ ಎಷ್ಟು ಆಳಕ್ಕೆ ಹೋಗುತ್ತದೆಂದು ನೋಡಿ. ಅರ್ಧದಲ್ಲಿ ನಿಂತರೆ ಅಲ್ಲಿಯೇ ಗಡ್ಡೆಯಿದೆ. ಕಡ್ಡಿಯ ತುದಿಯಿಂದ ಕೆದಕಿ, ಬಂದಷ್ಟನ್ನು ಹೊರಗೆ ತೆಗೆಯಿರಿ. ಒಳಕ್ಕೆ ತಳ್ಳಬೇಡಿ. ಅಳತೆಯ ಡ್ರಿಲ್ ಬಿಟ್ಟನ್ನು ಕೈಯಿಂದಲೇ ತಿರುಗಿಸಿ ತೆಗೆಯುವುದು ಇನ್ನೂ ಒಳ್ಳೆಯದು, ಏಕೆಂದರೆ ಪುಡಿ ಅದರ ಸುರುಳಿಯಲ್ಲಿ ಹತ್ತಿಕೊಂಡು ಹೊರಬರುತ್ತದೆ. ಡ್ರಿಲ್ ಯಂತ್ರ ಬೇಡ.

ಬಳಿಕ ಡೀಸೆಲ್ಲು ಅರ್ಧ, ಎಂಜಿನ್ ಆಯಿಲ್ ಅರ್ಧ ಬೆರೆಸಿ ರಂಧ್ರದ ತುಂಬ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಒಳ್ಳೆಯ ಸೂಚನೆ, ಮತ್ತೆ ತುಂಬಿ. ಕೀಲಿನ ಮೇಲೆ ಕುದಿಯುವ ನೀರಿನಲ್ಲಿ ಅದ್ದಿದ ಗೋಣಿಚೀಲ ಸುತ್ತಿಟ್ಟರೆ ಒಣಗಿದ ಗ್ರೀಸು ಮತ್ತಷ್ಟು ಸಡಿಲವಾಗುತ್ತದೆ. ಬ್ಲೋ ಲ್ಯಾಂಪಿನ ಬೆಂಕಿ ತೋರಿಸುವ ಪದ್ಧತಿ ಕೆಲವು ಕಡೆ ಇದೆ. ಡೀಸೆಲ್ಲು ಸುರಿದ ಜಾಗಕ್ಕೆ ಬೆಂಕಿ ಹಿಡಿಯುವುದು ಎಂತಹ ಅವಿವೇಕವೆಂದು ಹೇಳಬೇಕಾಗಿಲ್ಲ. ರಬ್ಬರು ಸೀಲೂ ಸುಟ್ಟುಹೋಗುತ್ತದೆ. ಗಾಳಿ ತುಂಬಿದ ಚಕ್ರದ ಬಳಿಯಂತೂ ಬೆಂಕಿ ಬೇಡವೇ ಬೇಡ.

ಹೀಗೆ ನೆನೆಸಿದ ಮೇಲೆ ನಿಪ್ಪಲ್ಲು ಹಾಕಿ, ಒಂದು ಹಳೆಯ ಗನ್ನಿಗೆ ಗ್ರೀಸಿನ ಬದಲು 90 ನಂಬರಿನ ಗೇರ್ ಆಯಿಲ್ ತುಂಬಿ ಹೊಡೆಯಿರಿ. ಗ್ರೀಸು ಹೋಗದ ಸಂದಿಗೂ ಎಣ್ಣೆ ನುಸುಳುತ್ತದೆ. ಕೀಲನ್ನು ಆಡಿಸುತ್ತಾ, ಐದು ಸಲ ಅದುಮಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಅದುಮಿ. ಅಂಚಿನಲ್ಲಿ ಕೆಂಪು ಮಿಶ್ರಿತ ಕಪ್ಪು ರಾಡಿ ಬರಲು ಆರಂಭವಾದರೆ ದಾರಿ ಬಿಟ್ಟಿತೆಂದು ತಿಳಿಯಿರಿ. ರಾಡಿ ಪೂರ್ತಿ ಹೋಗುವವರೆಗೆ ಎಣ್ಣೆ, ಅನಂತರ ಗ್ರೀಸು. ಎಣ್ಣೆ ತುಂಬಿ ನಿಪ್ಪಲ್ಲಿಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆಯುವ ಚಿಕ್ಕ ಉಪಕರಣವೂ ಪೇಟೆಯಲ್ಲಿ ಸಿಗುತ್ತದೆ. ಹಳ್ಳಿಯಲ್ಲಿ ಹತ್ತು ಜನ ಸೇರಿ ಒಂದನ್ನು ಕೊಂಡಿಟ್ಟುಕೊಳ್ಳಬಹುದು. ಬಳಸುವಾಗ ಕಣ್ಣಿಗೆ ಕನ್ನಡಕ ಇರಲಿ.

ಇದಾವುದಕ್ಕೂ ಬಗ್ಗದಿದ್ದರೆ ಪಿನ್ನನ್ನು ಹೊಡೆದು ತೆಗೆದು, ಗಾಡಿಯನ್ನು ಕೆರೆದು ಶುಚಿಮಾಡುವುದೇ ದಾರಿ. ಬುಷ್ಷು ಸವೆದಿದ್ದರೆ ಆಗಲೇ ಬದಲಿಸಿ. ಇಲ್ಲಿ ಒಂದು ಎಚ್ಚರಿಕೆ. ಹೊಸ ಬುಷ್ಷನ್ನು ಕೂರಿಸುವಾಗ ಅದರ ರಂಧ್ರ ನಿಪ್ಪಲ್ಲಿನ ರಂಧ್ರಕ್ಕೆ ನೇರವಾಗಿ ಬರಬೇಕು. ಬುಷ್ಷು ತುಸು ತಿರುಗಿ ಕೂತರೂ ಗ್ರೀಸಿನ ಬಾಗಿಲಿಗೆ ಗೋಡೆ ಕಟ್ಟಿದಂತಾಗುತ್ತದೆ. ಕೆಲಸ ಮುಗಿಸಿದ ಮೇಸ್ತ್ರಿ ಹೊರಡುವ ಮುನ್ನ ಪಿನ್ನು ಹಾಕದೆಯೇ ಒಮ್ಮೆ ಗ್ರೀಸು ಹೊಡೆಸಿ, ಬುಷ್ಷಿನೊಳಗೆ ಅದು ಇಣುಕುವುದನ್ನು ಕಣ್ಣಾರೆ ನೋಡಿ.

ಕೈಗೆ ಗ್ರೀಸು ಹೊಕ್ಕರೆ

ಗನ್ನಿನ ಬಲವನ್ನು ಸ್ವಲ್ಪ ಲೆಕ್ಕ ಹಾಕೋಣ. ಹಿಡಿಕೆಯ ಮೇಲೆ ನೀವು 20 ಕಿಲೋ ಬಲ ಹಾಕಿದಿರಿ ಎನ್ನಿ. ಹಿಡಿಕೆ ಅದನ್ನು ಹತ್ತು ಪಟ್ಟು ಮಾಡಿದರೆ 200 ಕಿಲೋ. ಅದು 9 ಮಿ.ಮೀ. ದಪ್ಪದ ಸರಳಿನ ಮೂಲಕ ಗ್ರೀಸಿನ ಮೇಲೆ ಬಿದ್ದಾಗ ಚದರ ಸೆಂಟಿಮೀಟರಿಗೆ ಸುಮಾರು 300 ಕಿಲೋ ಒತ್ತಡವಾಗುತ್ತದೆ. ಉಳುಮೆ ಮಾಡುವ ಟ್ರ್ಯಾಕ್ಟರಿನ ಹಿಂದಿನ ಟೈರಿನೊಳಗೆ ಇರುವುದು ಸುಮಾರು ಒಂದು ಕಿಲೋ ಮಾತ್ರ. ಕಟ್ಟಿದ ನಿಪ್ಪಲ್ಲಿನ ಮೇಲೆ ಇಬ್ಬರು ಸೇರಿ ಹಿಡಿಕೆ ಅದುಮಿದರೆ ಈ ಒತ್ತಡ ಎಲ್ಲಿಂದಲಾದರೂ ಹೊರಬರಲೇಬೇಕು. ಬಿರುಕುಬಿಟ್ಟ ಹೋಸಿನಿಂದ ಬರಬಹುದು, ಸವೆದ ಮೂತಿಯಿಂದ ಬರಬಹುದು. ಆ ಎಳೆ ಬೆರಳಿಗೆ ತಾಗಿದರೆ ಸೂಜಿಯಂತೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಗಾಯ ಸೂಜಿಮೊನೆಯಷ್ಟೇ. ಮೊದಲ ಒಂದೆರಡು ಗಂಟೆ ಹೆಚ್ಚು ನೋವೂ ಇರಲಿಕ್ಕಿಲ್ಲ. ಇಲ್ಲಿಯೇ ಮೋಸ. ಅರಿಸಿನ ಒತ್ತಿ ಬಟ್ಟೆ ಕಟ್ಟಿಕೊಂಡು ಮಲಗಿದವರು ಬೆಳಗಾಗುವುದರೊಳಗೆ ಕೈ ಊದಿಸಿಕೊಂಡು ಬೆರಳನ್ನೇ ಕಳೆದುಕೊಳ್ಳಬಹುದು. ಗ್ರೀಸು ಚರ್ಮದಡಿಯಲ್ಲಿ ಬೆರಳಿನುದ್ದಕ್ಕೂ ಹರಡಿರುತ್ತದೆ, ಶಸ್ತ್ರಚಿಕಿತ್ಸೆಯಿಂದಲೇ ಅದನ್ನು ತೆಗೆಯಬೇಕಾಗುತ್ತದೆ. ಹಿಸುಕಬೇಡಿ, ಕಾಯಬೇಡಿ. ಆ ಕ್ಷಣವೇ ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಹೋಗಿ, "ಒತ್ತಡದಲ್ಲಿ ಗ್ರೀಸು ಒಳಗೆ ಹೊಕ್ಕಿದೆ" ಎಂದು ಸ್ಪಷ್ಟವಾಗಿ ಹೇಳಿ. ಗ್ರೀಸು ಹೊಡೆಯುವಾಗ ಮೂತಿಯನ್ನು ಬರಿಗೈಯಲ್ಲಿ ಮುಚ್ಚಿ ಹಿಡಿಯುವ ಹುಡುಗರನ್ನು ಕಂಡರೆ ಅಲ್ಲಿಯೇ ತಡೆಯಿರಿ.

ಯಾವ ಗ್ರೀಸು, ಎಷ್ಟು ದಿನಕ್ಕೆ

ಸಾಮಾನ್ಯ ಕೀಲುಗಳಿಗೆ 2ನೆಯ ದರ್ಜೆಯ ಲಿಥಿಯಂ ಗ್ರೀಸು ಸಾಕು. ಸೋಡಿಯಂ ಸಾಬೂನಿನ ಗ್ರೀಸು ನೀರಿನಲ್ಲಿ ಕರಗುವುದರಿಂದ ಕೆಸರುಗದ್ದೆಗೆ ಸಲ್ಲದು. ಕ್ಯಾಲ್ಸಿಯಂ ಗ್ರೀಸು ನೀರಿಗೆ ಜಗ್ಗುವುದಿಲ್ಲವಾದರೂ ಬಿಸಿಯಾಗುವ ಬೇರಿಂಗಿಗೆ ಒಗ್ಗದು. ಯಾವುದನ್ನೇ ಆರಿಸಿದರೂ ಅದನ್ನೇ ಮುಂದುವರಿಸಿ.

ಕಾಲಾವಧಿಯನ್ನು ಯಂತ್ರದ ಜೊತೆ ಬಂದ ಪುಸ್ತಕ ಹೇಳುತ್ತದೆ. ರೋಟವೇಟರಿನ ಕ್ರಾಸಿಗೆ ದಿನದ ಕೆಲಸಕ್ಕೊಮ್ಮೆ, ಎಂದರೆ 8ರಿಂದ 10 ಗಂಟೆಗೊಮ್ಮೆ ಹಾಕುವುದು ವಾಡಿಕೆ. ಕೆಸರಿನಲ್ಲಿ ದುಡಿದ ಯಂತ್ರಕ್ಕೆ ಸಂಜೆಯೇ ಹಾಕಿ, ಬೆಳಿಗ್ಗೆಗೆ ಬಿಡಬೇಡಿ. ಒಳಗೆ ಸೇರಿದ ನೀರು ರಾತ್ರಿ ಸುಮ್ಮನಿರುವುದಿಲ್ಲ. ಹಾಗೆಂದು ಎಲ್ಲ ಕಡೆಯೂ ತುಂಬಿತುಳುಕಿಸಬೇಕೆಂದಲ್ಲ. ಸೀಲು ಮುಚ್ಚಿದ ಬೇರಿಂಗಿಗೆ ಒಂದೆರಡು ಸಲ ಅದುಮಿದರೆ ಸಾಕು, ಹೆಚ್ಚಾದರೆ ಸೀಲು ಹೊರಗೆ ಹಾರುತ್ತದೆ. ಕ್ಲಚ್ಚಿನ ಬೇರಿಂಗಿಗೆ ನಿಪ್ಪಲ್ಲು ಇರುವ ಟ್ರ್ಯಾಕ್ಟರಿನಲ್ಲಿ ಅತಿಯಾದ ಗ್ರೀಸು ಕ್ಲಚ್ ಪ್ಲೇಟಿಗೆ ಮೆತ್ತಿ ಜಾರಾಟ ಶುರುವಾಗುತ್ತದೆ.

ಆಯುಧಪೂಜೆಗೆ ಟ್ರ್ಯಾಕ್ಟರನ್ನು ಒತ್ತಡದ ನೀರಿನಲ್ಲಿ ತೊಳೆದು, ಹೂವು ಕುಂಕುಮ ಏರಿಸಿ ಸಾಲಾಗಿ ನಿಲ್ಲಿಸುತ್ತೇವೆ. ಆ ನೀರು ಕೀಲುಗಳೊಳಗೂ ನುಗ್ಗಿರುತ್ತದೆ. ಹಬ್ಬದ ದಿನ ಯಂತ್ರಕ್ಕೆ ಬಿಡುವು ಕೊಡುವ ರೂಢಿ ಇರುವುದರಿಂದ ತೊಳೆದ ದಿನವೇ, ಪೂಜೆಗೆ ಮುನ್ನ, ಗ್ರೀಸು ಹೊಡೆದು ಮುಗಿಸಿ. ಅದೇ ದಿನ ಇನ್ನೊಂದು ಕೆಲಸ ಮಾಡಬಹುದು. ಪುಸ್ತಕವನ್ನು ಕೈಯಲ್ಲಿ ಹಿಡಿದು ಟ್ರ್ಯಾಕ್ಟರಿನಲ್ಲೂ ಉಪಕರಣಗಳಲ್ಲೂ ಇರುವ ನಿಪ್ಪಲ್ಲುಗಳನ್ನು ಎಣಿಸಿ, ಪ್ರತಿಯೊಂದರ ಪಕ್ಕದಲ್ಲಿ ಬಿಳಿ ಬಣ್ಣದ ಬೊಟ್ಟಿಟ್ಟು, ಒಟ್ಟು ಸಂಖ್ಯೆಯನ್ನು ಮಡ್‌ಗಾರ್ಡಿನ ಒಳಬದಿಯಲ್ಲಿ ಬರೆಯಿರಿ. ಸಾಮಾನಿನ ಪೆಟ್ಟಿಗೆಯಲ್ಲಿ ಪ್ರತಿ ಅಳತೆಯ ಎರಡೆರಡು ನಿಪ್ಪಲ್ಲು, ಅವುಗಳ ಸ್ಪ್ಯಾನರು, ಒಂದು ದಬ್ಬಳ, ಮುಚ್ಚಳವಿರುವ ಡಬ್ಬಿಯಲ್ಲಿ ಚೊಕ್ಕ ಬಟ್ಟೆ ಇಡಿ. ಬಾಡಿಗೆಗೆ ತಂದ ರೋಟವೇಟರಾದರೆ ಗದ್ದೆಗೆ ಇಳಿಸುವ ಮುನ್ನ ಆ ಡ್ರೈವರನ ಎದುರಿಗೇ ಕ್ರಾಸಿನ ನಾಲ್ಕೂ ತೋಳುಗಳ ಅಂಚಿನಲ್ಲಿ ಹೊಸ ಗ್ರೀಸು ಬರುವುದನ್ನು ನೋಡಿ. ಬಾರದಿದ್ದರೆ ಮುಂಗಡ ಕೊಡುವ ಮೊದಲೇ ಹೇಳಿಬಿಡಿ.